ಬ್ರೇಕ್ ಮೇಷ್ಟ್ರ ನೀಲಿ ಕಾರು

"ಈ ಭಾನುವಾರದೊಳಗೆ ತೀರ್ಮಾನ ಆಗಲೇಬೇಕು! ಒಂದೋ ಇದಕ್ಕೆ ರೆಕ್ಕೆ ಕಟ್ಟಿಸಿ ಊರೇ ಬಾಯಿ ಬಿಟ್ಕೊಂಡು ನೋಡೋ ಹಾಗೆ ಮಾಡ್ತೀನಿ, ಇಲ್ಲಾ ಒಂದು ನಟ್ಟನ್ನೂ ಅಲುಗಿಸದೆ ಕಂಪನಿಯಿಂದ ಬಂದ ಹಾಗೇ ಉಳಿಸ್ಕೋತೀನಿ. ಮಧ್ಯದ ಮಾತೇ ಇಲ್ಲ!"

ಬ್ರೇಕ್ ಮೇಷ್ಟ್ರು ಷೆಡ್ಡಿನ ನಡುವೆ ಸೊಂಟಕ್ಕೆ ಕೈಕೊಟ್ಟು ನಿಂತು ಹೀಗೆ ಘೋಷಿಸಿದರು. ಕೇಳಿಸಿಕೊಳ್ಳಲು ಅಲ್ಲಿ ಇಬ್ಬರೇ ಇದ್ದರು. ಒಂದು, ಎದುರಿಗಿದ್ದ ನೀಲಿ ಸ್ಪೋರ್ಟ್ಸ್ ಕಾರು. ಅದು ಏನೂ ಅನ್ನಲಿಲ್ಲ. ಇನ್ನೊಬ್ಬರು ಮೇಷ್ಟ್ರ ಹೆಂಡತಿ. ಕೊರಳಿಗೆ ಅಳತೆಯ ಟೇಪು, ಬಾಯಲ್ಲಿ ಎರಡು ಗುಂಡುಸೂಜಿ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದ ಆಕೆ ಸೂಜಿಗಳನ್ನು ತೆಗೆದು ಕೇಳಿದಳು:

"ಯಾವ ಭಾನುವಾರ ರೀ?"

ಪ್ರಶ್ನೆ ನ್ಯಾಯವಾದದ್ದೇ. ಇದೇ ಘೋಷಣೆ ಇದೇ ಷೆಡ್ಡಿನಲ್ಲಿ ಮೊಳಗಿ ಆಗಲೇ ಎಷ್ಟೋ ಭಾನುವಾರಗಳು ಬಂದುಹೋಗಿದ್ದವು.

ಮೇಷ್ಟ್ರು ಡ್ರೈವಿಂಗ್ ಸ್ಕೂಲು ನಡೆಸುವವರು. ಕಲಿಯುವವರು ಸ್ಟೇರಿಂಗ್ ಹಿಡಿದು ಕೂತರೆ, ಅವರು ಪಕ್ಕದ ಸೀಟಿನಲ್ಲಿ ಕೂತು ತಮ್ಮ ಕಾಲಡಿಗೆ ಪ್ರತ್ಯೇಕವಾಗಿ ಹಾಕಿಸಿದ ಬ್ರೇಕಿನ ಮೇಲೆ ಪಾದ ಇಟ್ಟುಕೊಂಡಿರುತ್ತಿದ್ದರು. ಅದರಿಂದಲೇ ಆ ಹೆಸರು. ಊರಿನ ಅರ್ಧ ಜನ ಗಾಡಿ ಓಡಿಸುತ್ತಿದ್ದರೆ ಅದು ಮೇಷ್ಟ್ರ ಪಾಠದ ಕೃಪೆ. ಉಳಿದರ್ಧ ಜನ ಜೀವಸಹಿತ ರಸ್ತೆ ದಾಟುತ್ತಿದ್ದರೆ ಅದು ಮೇಷ್ಟ್ರ ಪಾದದ ಕೃಪೆ! ಬೆಳಿಗ್ಗೆ ಮೊದಲ ಶಿಷ್ಯ ಸ್ಕೂಲಿನ ಕಾರನ್ನು ಅವರ ಮನೆ ಬಾಗಿಲಿಗೆ ತರುತ್ತಿದ್ದ, ಸಂಜೆ ಕೊನೆಯ ಶಿಷ್ಯ ಅವರನ್ನು ಮನೆಗೆ ಮುಟ್ಟಿಸುತ್ತಿದ್ದ. ತಾವೇ ಸ್ಟೇರಿಂಗ್ ಹಿಡಿದು ಅವರಿಗೆ ಎಷ್ಟು ವರ್ಷವಾಗಿತ್ತೋ! ರಾಜಮಹಾರಾಜರಿಗೂ ಇಲ್ಲದ ಸಾರಥಿಗಳ ಸೈನ್ಯ ಅವರದು. ಸೈನ್ಯ ಆಗಾಗ ಫುಟ್‌ಪಾತ್ ಹತ್ತುತ್ತಿತ್ತು ಅನ್ನುವುದೊಂದೇ ತೊಂದರೆ.

ಇಂಥ ಮೇಷ್ಟ್ರ ಎದೆಯೊಳಗೆ ಒಂದು ಆಸೆ ಗೂಡು ಕಟ್ಟಿತ್ತು. ಜೀವನದಲ್ಲಿ ಒಂದೇ ಒಂದು ಸಲ ತಾವೇ ಸ್ಟೇರಿಂಗ್ ಹಿಡಿಯಬೇಕು. ಪಕ್ಕದಲ್ಲಿ ಹೆಂಡತಿ ಕೂತಿರಬೇಕು. ಅವಳ ಕಾಲಡಿ ಬ್ರೇಕಿರಬಾರದು, ಬರೀ ಚಪ್ಪಲಿ ಇರಬೇಕು. ಕಾರು ಊರಾಚೆಯ ಗುಡ್ಡದ ರಸ್ತೆಯಲ್ಲಿ ಸುತ್ತಿ ಸುತ್ತಿ ಏರಿ, ತುದಿಯಲ್ಲಿ ಸಮುದ್ರಕ್ಕೆ ಎದುರಾಗಿರುವ ದೀಪಸ್ತಂಭದ ಹತ್ತಿರ ನಿಲ್ಲಬೇಕು. ದಾರಿಯಲ್ಲಿ ಯಾರೂ ಅಡ್ಡ ಬರಬಾರದು. ಮದುವೆಯಾದ ಹೊಸತರಲ್ಲಿ ಹೆಂಡತಿಗೆ ಕೊಟ್ಟ ಮಾತು ಅದು. ಆಕೆ ಈಗಲೂ ವರ್ಷಕ್ಕೊಮ್ಮೆ ನೆನಪಿಸುತ್ತಿದ್ದಳು, ಇವರು ಈಗಲೂ ತಲೆಯಾಡಿಸುತ್ತಿದ್ದರು.

ಕಾರು ಸಿಕ್ಕಿದ್ದು ಒಬ್ಬ ಕಣ್ಣಿನ ಡಾಕ್ಟರರಿಂದ. ಆಸೆಪಟ್ಟು ಕೊಂಡಿದ್ದ ಅವರಿಗೆ ಅದರೊಳಗೆ ಇಳಿಯುವುದು ಸುಲಭ, ಏಳುವುದು ದುಸ್ತರ. ನೆಲಕ್ಕೆ ತಾಗಿದಂತಿದ್ದ ಆ ಸೀಟಿನಿಂದ ಅವರನ್ನು ಪ್ರತಿ ಸಲವೂ ಇಬ್ಬರು ಕೈಹಿಡಿದು ಎಳೆಯಬೇಕಾಗುತ್ತಿತ್ತಂತೆ. ಹಾಗಾಗಿ ಕಾರು ಓಡಿದ್ದೇ ಇಲ್ಲ ಅನ್ನುವಷ್ಟು ಕಡಿಮೆ. ಸೀಟಿನ ಹೊಸ ವಾಸನೆ ಕೂಡ ಹೋಗಿರಲಿಲ್ಲ. ಮೇಷ್ಟ್ರಿಗೆ ಪಾಠದಿಂದ ಬಿಡುವಿರದೆ, ಕಾರನ್ನು ಮನೆಗೆ ಓಡಿಸಿಕೊಂಡು ಬಂದವನು ಅವರ ಭಾವಮೈದ. ಬಂದದ್ದು ಸೀದಾ ಷೆಡ್ಡಿಗೆ. ಷೆಡ್ಡಿನಿಂದ ಆಮೇಲೆ ಅದು ಹೊರಗೆ ಬರಲೇ ಇಲ್ಲ.

ಯಾಕೆಂದರೆ ತೀರ್ಮಾನ ಆಗಿರಲಿಲ್ಲವಲ್ಲ!

ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಮೇಷ್ಟ್ರು ಕಾರಿನಲ್ಲಿ ಕೂತು ಕಣ್ಣು ಮುಚ್ಚುತ್ತಿದ್ದರು. ಮುಚ್ಚಿದ್ದೇ ತಡ, ಷೆಡ್ಡಿನ ತಗಡು ಕರಗಿ ಆಕಾಶವಾಗುತ್ತಿತ್ತು. ಗೋಡೆಗೊರಗಿಸಿದ್ದ ಹಳೇ ಮಂಚ ಗುಡ್ಡವಾಗುತ್ತಿತ್ತು. ಒಳಗಿನಿಂದ ಬರುವ ಹೆಂಡತಿಯ ಹೊಲಿಗೆ ಯಂತ್ರದ ಸದ್ದೇ ಎಂಜಿನ್ನಿನ ಗುನುಗಾಗಿ, ಕಾರು ತೇಲುತ್ತಿತ್ತು. ಒಂದು ದಿನ ಅದಕ್ಕೆ ಹಿಂದುಗಡೆ ಅಗಲವಾದ ರೆಕ್ಕೆ ಇರುತ್ತಿತ್ತು, ಇನ್ನೊಂದು ದಿನ ಚಂದ್ರನ ಬಣ್ಣದ ಚಕ್ರಗಳಿರುತ್ತಿದ್ದವು. ಮತ್ತೊಂದು ದಿನ ಏನೂ ಇಲ್ಲದೆ, ಹುಟ್ಟಿದ ಹಾಗೇ ಹೊಳೆಯುತ್ತಿತ್ತು. ಎಲ್ಲವೂ ಚೆಂದವೇ! ಕಣ್ಣು ಬಿಟ್ಟಾಗ ಮಾತ್ರ ಅವರು ಕೂತಿರುತ್ತಿದ್ದದ್ದು ಸ್ಟೇರಿಂಗ್ ಇಲ್ಲದ ಪಕ್ಕದ ಸೀಟಿನಲ್ಲಿ. ಅಭ್ಯಾಸಬಲ.

ಭಾವಮೈದನದು ಮೊಬೈಲು ಕವರಿನ ಅಂಗಡಿ. ಯಾವ ವಸ್ತುವೂ ಬರಿಮೈಯಲ್ಲಿರುವುದು ಅವನಿಗೆ ಸಹಿಸಲಾಗದು. ವಾರಕ್ಕೆರಡು ಸಲ ಬಂದು ಕಾರಿನ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದ.

"ಭಾವ, ಹೀಗೇ ಇಟ್ರೆ ಇದು ಬೋಳು ಕಾರು! ಸೈಲೆನ್ಸರ್ ಬದಲಾಯಿಸಿ, ಆಚೆ ಬೀದೀಲಿ ಸ್ಟಾರ್ಟ್ ಮಾಡಿದ್ರೆ ಈಚೆ ಬೀದೀಲಿ ಮಕ್ಕಳು ಎದ್ದು ಕೂರ್ಬೇಕು. ಎರಡೂ ಬದಿಗೆ ಉದ್ದಕ್ಕೆ ಪಟ್ಟೆ ಎಳೆಸಿ. ಮೇಲೆ ಗಾಜು ಕೂರಿಸಿ, ರಾತ್ರಿ ನಕ್ಷತ್ರ ನೋಡ್ಕೊಂಡು ಹೋಗ್ಬಹುದು."

"ನಕ್ಷತ್ರ ನೋಡ್ಕೊಂಡು ಹೋದ್ರೆ ಚರಂಡಿಗೆ ಹೋಗ್ತೀರಿ" ಎಂದಳು ಅವನ ಅಕ್ಕ, ಅಂದರೆ ಮೇಷ್ಟ್ರ ಹೆಂಡತಿ.

ಆಕೆಯದು ಮುಂದಿನ ಕೋಣೆಯಲ್ಲೇ ಬಟ್ಟೆ ತಿದ್ದಿಕೊಡುವ ಅಂಗಡಿ. ಸಡಿಲವಾದದ್ದನ್ನು ಹಿಡಿಸುವುದು, ಬಿಗಿಯಾದದ್ದನ್ನು ಬಿಡಿಸುವುದು, ಉದ್ದ ಗಿಡ್ಡ ಮಾಡುವುದು. ಬದಲಾಯಿಸುವ ವಿಷಯದಲ್ಲಿ ಆ ಮನೆಯಲ್ಲಿ ಯಾರಿಗಾದರೂ ಮಾತಾಡುವ ಹಕ್ಕಿದ್ದರೆ ಅದು ಆಕೆಗೆ.

"ನೋಡಿ, ಹಿಡಿಸಿದ ಹೊಲಿಗೆ ಬಿಚ್ಚಬಹುದು. ಕತ್ತರಿ ಹಾಕಿದ್ಮೇಲೆ ಮುಗೀತು. ತಲೆ ಮೇಲೆ ತೂತು ಕೊರೆಸ್ಬೇಡಿ ಅಷ್ಟೇ. ಮಿಕ್ಕಿದ್ದು ನಿಮ್ಮಿಷ್ಟ. ಅಂದ್ಹಾಗೆ, ಬಟ್ಟೆ ತಿದ್ದಿಸೋಕೆ ಬರೋರು ಮೊದಲು ಅದನ್ನ ಒಂದ್ಸಲ ಹಾಕ್ಕೊಂಡು ನೋಡಿರ್ತಾರೆ. ನೀವು ಒಂದ್ಸಲಾನಾದ್ರೂ ಓಡಿಸಿ ನೋಡಿದ್ರಾ?"

"ಓಡಿಸಿದ್ರೆ ಓಡಿಸಿದ ಹಾಗೆ ಆಗುತ್ತಲ್ಲೇ! ಇದರ ಮರ್ಯಾದೆ ಇರೋದೇ ಓಡಿಲ್ಲ ಅನ್ನೋದ್ರಲ್ಲಿ!"

"ಹಾಗಾದ್ರೆ ದೀಪಸ್ತಂಭಕ್ಕೆ ನಡ್ಕೊಂಡೇ ಹೋಗೋಣ ಬಿಡಿ. ಚಪ್ಪಲಿಗೆ ಅಂಥಾ ಮರ್ಯಾದೆ ಏನಿಲ್ಲ."

ಮೇಷ್ಟ್ರಿಗೆ ನಾಟಿತು. ನಾಟಿದ್ದು ಕೋಪವಾಗಿ ಅಲ್ಲ, ಚುರುಕಾಗಿ. ಅಂದೇ ಹೆಂಡತಿಯ ಮೇಜಿನಿಂದ ಬಟ್ಟೆಗೆ ಗುರುತು ಹಾಕುವ ಬಿಳಿ ಚಾಕ್‌ಪೀಸನ್ನು ಕದ್ದು ತಂದು ಕಾರಿನ ಮೇಲೆ ತಮ್ಮ ಕನಸುಗಳನ್ನೆಲ್ಲ ಬರೆಯತೊಡಗಿದರು. ಬರೆದು ನೋಡಿದರೆ ತೀರ್ಮಾನ ತಾನಾಗಿ ಹೊಳೆಯುತ್ತದೆ ಅನ್ನುವುದು ಅವರ ಯೋಜನೆ. ನೆತ್ತಿಯ ಮೇಲೆ ನಕ್ಷತ್ರ ನೋಡುವ ಗಾಜಿಗೆ ಒಂದು ಚೌಕ. ಎರಡೂ ಬಾಗಿಲುಗಳ ಉದ್ದಕ್ಕೆ ಪಟ್ಟೆಗೆ ಎರಡೆರಡು ಗೆರೆ. ಬೆಳಿಗ್ಗೆ ಬರೆದು, ಸಂಜೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಮರುದಿನ ಬೆಳಿಗ್ಗೆ ಮತ್ತೆ ಬರೆದು! ಹೆಂಡತಿ ಚಾಕ್‌ಪೀಸಿಗಾಗಿ ಮನೆಯೆಲ್ಲ ತಡಕಾಡಿ, ಕೊನೆಗೆ ಗಿರಾಕಿಯ ಪ್ಯಾಂಟಿಗೆ ಸೋಪಿನ ಚೂರಿನಲ್ಲಿ ಗುರುತು ಹಾಕಿದಳು.

ಶುಕ್ರವಾರ ಬೆಳಿಗ್ಗೆ ಗುರುತು ಬರೆದು ಕಾರಿನಲ್ಲಿ ಕೂತಾಗ ಕನಸು ಬೇರೆ ಥರ ಬಿತ್ತು. ಕಾರು ಗುಡ್ಡ ಏರಿತ್ತು, ಸಮುದ್ರ ಕಾಣುತ್ತಿತ್ತು, ಗಾಳಿ ಬೀಸುತ್ತಿತ್ತು. ಪಕ್ಕದ ಸೀಟು ಮಾತ್ರ ಖಾಲಿ. ಮೇಷ್ಟ್ರು ಬೆಚ್ಚಿ ಕಣ್ಣುಬಿಟ್ಟರು. ರೆಕ್ಕೆಯೂ ಬೇಡ, ಪಟ್ಟೆಯೂ ಬೇಡ, ಇವಳನ್ನು ಕೂರಿಸಿಕೊಂಡು ಹೋಗದಿದ್ದರೆ ಈ ಕಾರು ಯಾತಕ್ಕೆ ಅನ್ನಿಸಿಬಿಟ್ಟಿತು. ಎದೆ ಹಗುರವಾಯಿತು. ಒಳಗೆ ಹೋಗಿ ಯಂತ್ರದ ಮುಂದೆ ನಿಂತು ಹೇಳಿದರು:

"ತೀರ್ಮಾನ ಆಯ್ತು ಕಣೇ. ಏನೂ ಮುಟ್ಟೋದಿಲ್ಲ, ಕಂಪನಿಯಿಂದ ಬಂದ ಹಾಗೇ ಇರ್ಲಿ. ಭಾನುವಾರ ದೀಪಸ್ತಂಭ!"

ಯಂತ್ರ ನಿಂತಿತು. ಆಕೆ ತಲೆಯೆತ್ತಿ ಅವರನ್ನು ನೋಡಿದಳು. "ಯಾವ ಭಾನುವಾರ" ಎಂದು ಕೇಳಲಿಲ್ಲ. ಆಕೆಯ ಕಣ್ಣು ಸ್ವಲ್ಪ ಒದ್ದೆಯಾಗಿತ್ತು. ಮೇಷ್ಟ್ರಿಗೆ ಅದಕ್ಕಿಂತ ದೊಡ್ಡ ಪದಕ ಬೇಕಿರಲಿಲ್ಲ.

ಎಷ್ಟೋ ಕಾಲ ನಿಂತಲ್ಲೇ ನಿಂತ ಕಾರು. ಗುಡ್ಡ ಹತ್ತುವ ಮೊದಲು ಎಣ್ಣೆ, ಗಾಳಿ, ಬ್ಯಾಟರಿ ನೋಡಿಸಬೇಡವೇ? ಮೇಷ್ಟ್ರು ತಮ್ಮ ಗ್ಯಾರೇಜಿನವನಿಗೆ ಫೋನು ಮಾಡಿದರು. ಸ್ಕೂಲಿನ ಕಾರುಗಳೆಲ್ಲ ಮೊದಲಿನಿಂದಲೂ ಅವನ ಕೈಯಲ್ಲೇ. ಅವನಿಗೆ ಊರಲ್ಲಿ ಮೌನಿ ಎಂದು ಹೆಸರು. ದಿನಕ್ಕೆ ನಾಲ್ಕು ಮಾತಾಡಿದರೆ ಅದರಲ್ಲಿ ಮೂರು "ಹ್ಞೂಂ". ಮೇಷ್ಟ್ರು ಹೇಳುವುದು, ಅವನು ಹೂಂಗುಟ್ಟುವುದು, ಸಂಜೆಗೆ ಗಾಡಿ ತಯಾರು. ಇಬ್ಬರ ನಡುವೆ ವಿವರಣೆ ಅನ್ನುವುದೇ ಬೇಕಾಗಿ ಬಂದದ್ದಿಲ್ಲ.

"ನೀಲಿ ಕಾರು ಮನೆ ಷೆಡ್ಡಲ್ಲಿದೆ. ಕೀ ಒಳಗೇ ಇದೆ. ಭಾನುವಾರ ರಸ್ತೆಗಿಳೀಬೇಕು, ಗ್ಯಾರೇಜಿಗೆ ಒಯ್ದು ತಯಾರು ಮಾಡಪ್ಪ."

"ಹ್ಞೂಂ."

ಆಮೇಲೆ ಮೇಷ್ಟ್ರು ಪಾಠಕ್ಕೆ ಹೊರಟರು. ಕಾರಿನ ಮೈಮೇಲೆ ಆ ಬೆಳಗಿನ ಚಾಕ್‌ಪೀಸಿನ ಗುರುತುಗಳು ಹಾಗೇ ಇದ್ದವು. ಒರೆಸುವುದು ಸಂಜೆಯ ಕೆಲಸವಲ್ಲವೇ, ಬೆಳಿಗ್ಗೆ ನೆನಪಾಗುವುದು ಹೇಗೆ?

ಭಾನುವಾರ ಬಂತು. ಹೆಂಡತಿ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಫ್ಲಾಸ್ಕಿಗೆ ಕಾಫಿ ತುಂಬಿಕೊಂಡು ಹೊಸ್ತಿಲಲ್ಲಿ ನಿಂತಿದ್ದಳು. ಮೇಷ್ಟ್ರು ಕಪ್ಪು ಕನ್ನಡಕ ಹಾಕಿ, ಕೈ ಹಿಂದೆ ಕಟ್ಟಿ ಬೀದಿ ನೋಡುತ್ತಿದ್ದರು. ಬೀದಿಯ ತುದಿಯಲ್ಲಿ ನೀಲಿ ಕಾರು ತಿರುಗಿತು. ಬಿಸಿಲು ಬಾನೆಟ್ಟಿನ ಮೇಲೆ ನೀರಿನ ಹಾಗೆ ಹರಿಯಿತು. ಆಹಾ! ಮೇಷ್ಟ್ರು ಕನ್ನಡಕ ಮೇಲೆ ಸರಿಸಿದರು. ಆಮೇಲೆ ತೆಗೆದರು. ಆಮೇಲೆ ಅಂಗಿಯ ತುದಿಯಿಂದ ಕಣ್ಣನ್ನೇ ಒರೆಸಿಕೊಂಡರು.

ಕಾರಿನ ನೆತ್ತಿಯ ಮೇಲೆ, ನಕ್ಷತ್ರ ನೋಡಬೇಕಾಗಿದ್ದ ಜಾಗದಲ್ಲಿ, ಒಂದು ಹಳದಿ ಬೋರ್ಡು ನಿಂತಿತ್ತು. ಮುಂದೆ ಹಿಂದೆ ಕೆಂಪು ಬಣ್ಣದಲ್ಲಿ ಮೊಣಕೈಯುದ್ದದ 'ಎಲ್' ಅಕ್ಷರ. ಬಾಗಿಲುಗಳ ಮೇಲೆ, ಪಟ್ಟೆಗೆಂದು ಎಳೆದ ಎರಡು ಗೆರೆಗಳ ನಡುವೆ ಅಚ್ಚುಕಟ್ಟಾಗಿ ಬರೆದಿತ್ತು: 'ಕಲಿಯುತ್ತಿದ್ದಾರೆ, ದೂರವಿರಿ!' ಪಕ್ಕದ ಸೀಟಿನ ಕಾಲಡಿಯಲ್ಲಿ, ಬೇರೆ ಏನು, ಹೊಚ್ಚಹೊಸ ಬ್ರೇಕು, ಅದರ ಮಗ್ಗುಲಲ್ಲಿ ಹೊಚ್ಚಹೊಸ ಕ್ಲಚ್ಚು!

"ಏನಯ್ಯಾ ಇದು?" ಮೇಷ್ಟ್ರು ಕಾರಿನ ಸುತ್ತ ಒಂದು ಸುತ್ತು ಓಡಿ ಬಂದು ಕೇಳಿದರು.

ಮೌನಿ ಕೀ ಕೈಗಿಟ್ಟು, ತನ್ನ ಬದುಕಿನ ಅತಿ ದೀರ್ಘ ಭಾಷಣ ಮಾಡಿದ: "ನಿಮ್ಮ ಹೊಸ ಕಾರಿಗೆಲ್ಲ ಮಾಡೋದೇ ಮಾಡಿದೀನಿ ಮೇಷ್ಟ್ರೇ. ಈ ಸಲ ಜಾಗ ಬಹಳ ಇಕ್ಕಟ್ಟು, ಪೆಡಲ್ ಕೂರಿಸೋಕೆ ಎರಡು ದಿನ ಮಲಗಿಲ್ಲ. ಆದ್ರೆ ಬೋರ್ಡು, ಅಕ್ಷರ ಎಲ್ಲಿ ಬರ್ಬೇಕು ಅಂತ ನೀವೇ ಗುರುತು ಹಾಕಿದ್ರಲ್ಲ, ಅದೊಂದು ಸುಲಭ ಆಯ್ತು."

ಬೈಯಲು ಬಾಯಿ ತೆರೆದರು. ಬೈಯುವುದು ಯಾರನ್ನು? ಗುರುತು ಹಾಕಿದ ಕೈ ತಮ್ಮದೇ. ಮೌನಿ ಆಕಳಿಸುತ್ತಾ ಹೊರಟುಹೋದ. ಮೇಷ್ಟ್ರು ಮೆಟ್ಟಿಲ ಮೇಲೆ ಕುಸಿದು ಕೂತರು. ಕಳ್ಳರು ಕಾರನ್ನೇ ಕದ್ದೊಯ್ದಿದ್ದರೂ ಇಷ್ಟು ದುಃಖವಾಗುತ್ತಿರಲಿಲ್ಲ.

"ನಾನು ಬರೋದಿಲ್ಲ ಕಣೇ. ಊರವರು ನೋಡಿದ್ರೆ ನಗ್ತಾರೆ. ಇನ್ನೊಂದು ಭಾನುವಾರ..."

ಆ ಮಾತು ಕೇಳಿದ್ದೇ ಹೆಂಡತಿ ಫ್ಲಾಸ್ಕು ಎತ್ತಿಕೊಂಡು ಸೀದಾ ಹೋಗಿ ಕಾರಿನಲ್ಲಿ ಕೂತಳು. ಸ್ಟೇರಿಂಗ್ ಇದ್ದ ಕಡೆ!

"ಏಯ್, ಏನ್ ಮಾಡ್ತಿದೀಯಾ?"

"ಬೋರ್ಡು ಇದೆ, ಬ್ರೇಕು ಇದೆ, ಮೇಷ್ಟ್ರೂ ಇದಾರೆ. ಇನ್ನೇನು ಬೇಕು? ಕೀ ಕೊಡಿ. ಹತ್ತಿ."

ಮೇಷ್ಟ್ರು ಹತ್ತಿದರು. ಹತ್ತದೆ ಗತಿಯಿಲ್ಲ. ಪಾದ ತಾನಾಗಿ ಬ್ರೇಕಿನ ಮೇಲೆ ಹೋಗಿ ಕೂತಿತು. ಮನಸ್ಸಿನಲ್ಲೇ ದೇವರನ್ನು ನೆನೆದು, ಬೀದಿಯ ಮೂಲೆಯ ದೀಪದ ಕಂಬಕ್ಕೆ ಕ್ಷಮೆ ಕೇಳಿಕೊಂಡರು.

ಕಾರು ಹೊರಟಿತು. ಕುಲುಕಲಿಲ್ಲ, ಎಗರಲಿಲ್ಲ. ಕಂಬವನ್ನು ದಾಟಿತು, ಮಾರುಕಟ್ಟೆಯ ತಿರುವನ್ನು ದಾಟಿತು. ಇವಳೇನು ಮಾಯ ಮಾಡುತ್ತಿದ್ದಾಳೆ ಎಂದು ಮೇಷ್ಟ್ರು ಬಗ್ಗಿ ನೋಡಿದರೆ, ಕ್ಲಚ್ಚಿನ ಮೇಲಿಂದ ಆಕೆಯ ಕಾಲು ಮಲಗಿದ ಮಗುವಿನ ಕೆಳಗಿನಿಂದ ಕೈ ತೆಗೆಯುವಂತೆ ಮೆತ್ತಗೆ ಏಳುತ್ತಿತ್ತು. ಅದು ಅವರದೇ ಪಾಠ! ಸಾವಿರ ಶಿಷ್ಯರಿಗೆ ಅವರೇ ಹೇಳಿಕೊಟ್ಟ ಉಪಮೆ!

"ಯಾರು ಕಲಿಸಿದ್ದು ನಿನಗೆ?"

"ನಿಮ್ಮ ಹಳೇ ಶಿಷ್ಯೆ. ಬಸ್‌ಸ್ಟ್ಯಾಂಡ್ ಹಿಂದೆ ಅವಳದೇ ಸ್ಕೂಲಿದೆಯಲ್ಲ, ಅವಳು. ನಿಮ್ಮನ್ನ ಕೇಳಿದಾಗೆಲ್ಲ ಮುಂದಿನ ತಿಂಗಳು ಅಂದ್ರಿ. ಹೋದ ವರ್ಷಾನೇ ಲೈಸೆನ್ಸ್ ಬಂತು. ನೀವು ಕರ್ಕೊಂಡು ಹೋಗ್ತೀರಿ ಅಂತ ಕಾದೆ, ಕಾದೆ. ಹೋಗ್ಲಿ, ನಾನೇ ಕರ್ಕೊಂಡು ಹೋದ್ರಾಯ್ತು ಅಂದ್ಕೊಂಡೆ."

ಮೇಷ್ಟ್ರಿಗೆ ನಾಚಿಕೆಯಾಯಿತು, ಅದರ ಬೆನ್ನಿಗೇ ಎಂಥದೋ ಹೆಮ್ಮೆಯೂ ಆಯಿತು. ಅಷ್ಟರಲ್ಲಿ ಊರು ಮುಗಿದು ಗುಡ್ಡದ ರಸ್ತೆ ಶುರುವಾಯಿತು. ಆಗ ಶುರುವಾಯಿತು ನೋಡಿ ಆ ಹಳದಿ ಬೋರ್ಡಿನ ಮಹಿಮೆ! ಎದುರಿನಿಂದ ಬರುತ್ತಿದ್ದ ಬಸ್ಸು ಇವರನ್ನು ಕಂಡದ್ದೇ ಪಕ್ಕಕ್ಕೆ ಸರಿದು ಕೈಮುಗಿದಂತೆ ನಿಂತಿತು. ಲಾರಿಗಳು ಮಣ್ಣಿಗಿಳಿದವು. ಹಿಂದಿನ ಕಾರುಗಳು ಗೌರವದಿಂದ ಫರ್ಲಾಂಗು ದೂರ ಉಳಿದವು. ಮಂತ್ರಿಗಳಿಗೂ ಸಿಗದ ಖಾಲಿ ರಸ್ತೆ! ಕಿಟಕಿ ಇಳಿಸಿದ್ದರು. ಗಾಳಿಗೆ ಉಪ್ಪಿನ ವಾಸನೆ ಇತ್ತು. ರಸ್ತೆ ಸುತ್ತಿ ಸುತ್ತಿ ಏರಿತು, ಪ್ರತಿ ಸುತ್ತಿಗೂ ಕೆಳಗೆ ಸಮುದ್ರ ಇನ್ನಷ್ಟು ಅಗಲವಾಯಿತು. ಹೆಂಡತಿಯ ಮುಂಗೂದಲು ಹಾರುತ್ತಿತ್ತು. ಮೇಷ್ಟ್ರ ಪಾದ ಯಾವಾಗ ಬ್ರೇಕಿನಿಂದ ಕೆಳಗಿಳಿಯಿತೋ ಅವರಿಗೇ ಗೊತ್ತಾಗಲಿಲ್ಲ. ಇದು ಷೆಡ್ಡಿನ ಕನಸೋ ನಿಜವೋ ಎಂದು ತಿಳಿಯದೆ, ಎಚ್ಚರವಾಗಿಬಿಟ್ಟರೆ ಎಂಬ ಹೆದರಿಕೆಯಿಂದ, ಅವರು ಸೀಟಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡರು.

ದೀಪಸ್ತಂಭದ ಬುಡದಲ್ಲಿ ಕೂತು ಕಾಫಿ ಕುಡಿದರು. ಬಹಳ ಹೊತ್ತು ಸಮುದ್ರ ನೋಡಿದರು. ಆಮೇಲೆ ಮೇಷ್ಟ್ರೊಳಗಿನ ಮೇಷ್ಟ್ರು ಎಚ್ಚೆತ್ತರು.

"ಈಗ ವಾಪಸು ನಾನು ಓಡಿಸ್ತೀನಿ. ನೀನು ಪಕ್ಕದಲ್ಲಿ ಕೂತು ನೋಡು, ಓಡಿಸೋದು ಅಂದ್ರೆ ಏನು ಅಂತ!"

ಸ್ಟೇರಿಂಗ್ ಹಿಡಿದು ಕೂತರು. ಕೀ ತಿರುಗಿಸಿದರು. ಎಂಜಿನ್ ಗುಡುಗಿತು, ಕಾರು ಮಾತ್ರ ಅಲ್ಲಾಡಲಿಲ್ಲ. ಮತ್ತಷ್ಟು ಗುಡುಗಿಸಿದರು. ಊಹೂಂ.

"ಯಾಕ್ರೀ ಹೋಗ್ತಿಲ್ಲ?"

"ಒಳ್ಳೇ ಎಂಜಿನ್ನು. ಬಿಸಿಯಾಗೋಕೆ ಹೊತ್ತು ಬೇಕು."

"ಕೈಬ್ರೇಕು ಬಿಡ್ರೀ."

ಬಿಟ್ಟರು. ಗಡಿಬಿಡಿಯಲ್ಲಿ ಕ್ಲಚ್ಚನ್ನೂ ಒಮ್ಮೆಲೇ ಬಿಟ್ಟರು. ಕಾರು ಕಪ್ಪೆಯ ಹಾಗೆ ನೆಗೆಯಿತು. ಎದುರಿಗೆ ಕಲ್ಲುಬೆಂಚು. ಬೆಂಚಿನ ಮೇಲೆ ಕಡಲೆಕಾಯಿ ಬಿಡಿಸುತ್ತಿದ್ದ ಒಬ್ಬ ಅಜ್ಜ. ಮೇಷ್ಟ್ರ ಪಾದ ಅಭ್ಯಾಸದಂತೆ ಪಕ್ಕದ ಸೀಟಿನಲ್ಲಿರುವ ಬ್ರೇಕನ್ನು ಹುಡುಕಿತು. ಸಿಗಲಿಲ್ಲ. ಎರಡನೇ ನೆಗೆತ, ಮೂರನೇ ನೆಗೆತ... ಧಡಕ್!

ಕಾರು ನಿಂತಿತು. ಬೆಂಚಿಗೂ ಬಂಪರ್‌ಗೂ ನಡುವೆ ಒಂದು ಗೇಣು. ನಿಲ್ಲಿಸಿದ್ದು ಪಕ್ಕದ ಸೀಟಿನ ಬ್ರೇಕು. ಅದರ ಮೇಲೆ ಹೆಂಡತಿಯ ಚಪ್ಪಲಿಗಾಲು ಗಟ್ಟಿಯಾಗಿ ಊರಿಕೊಂಡಿತ್ತು.

ಅಜ್ಜ ಸಾವಕಾಶವಾಗಿ ಎದ್ದ. ಬೋರ್ಡು ಓದಿದ. ಬಾಗಿಲ ಮೇಲಿನ ಅಕ್ಷರಗಳನ್ನೂ ಓದಿದ. ಮೇಷ್ಟ್ರ ಕಡೆಯ ಕಿಟಕಿಗೆ ಬಗ್ಗಿ, ಬಹಳ ಕರುಣೆಯಿಂದ ಹೇಳಿದ:

"ಹೆದರ್ಬೇಡಿ ತಮ್ಮಾ. ವಯಸ್ಸಾದ್ಮೇಲೆ ಕಲಿಯೋದು ಸ್ವಲ್ಪ ಕಷ್ಟಾನೇ. ಕೆಳಗೆ ಊರಲ್ಲಿ ಬ್ರೇಕ್ ಮೇಷ್ಟ್ರು ಅಂತ ಒಬ್ಬರಿದ್ದಾರೆ, ಅವರ ಹತ್ರ ಹೋಗಿ. ನನ್ನ ಸೊಸೆಗೆ ಅವರೇ ಕಲಿಸಿದ್ದು. ಕಲ್ಲುಗುಂಡಿಗೂ ಕಲಿಸ್ತಾರೆ."

"ಕೇಳಿದೀನಿ" ಎಂದರು ಮೇಷ್ಟ್ರು, ಕಪ್ಪು ಕನ್ನಡಕವನ್ನು ಹುಡುಕಿ ಹಾಕಿಕೊಳ್ಳುತ್ತಾ.

ಇಳಿಯುವಾಗ ಓಡಿಸಿದ್ದು ಮತ್ತೆ ಹೆಂಡತಿಯೇ. ಅರ್ಧ ಗುಡ್ಡದವರೆಗೆ ಆಕೆ ತುಟಿ ಕಚ್ಚಿ ನಗು ತಡೆದಳು, ಆಮೇಲೆ ತಡೆಯಲಾಗದೆ ಕಾರನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ನಕ್ಕಳು. ಸ್ವಲ್ಪ ಹೊತ್ತು ಬಿಟ್ಟು ಮೇಷ್ಟ್ರೂ ನಕ್ಕರು. ಊರು ಕಾಣತೊಡಗಿದಾಗ ಗಂಟಲು ಸರಿಮಾಡಿಕೊಂಡು, ಕೊನೆಯ ಬಾರಿಗೆ ಘೋಷಿಸಿದರು:

"ನಾಳೇನೇ ಮೌನಿಗೆ ಹೇಳ್ತೀನಿ. ಬೋರ್ಡು, ಅಕ್ಷರ, ಪೆಡಲ್ಲು, ಎಲ್ಲಾ ಕಿತ್ತು ಹಾಕ್ಲಿ. ಕಾರು ಕಂಪನಿಯಿಂದ ಬಂದ ಹಾಗೇ ಆಗ್ಬೇಕು!"

"ಬೋರ್ಡು ತೆಗೆಸಿ, ಅಕ್ಷರ ಅಳಿಸಿ" ಎಂದಳು ಹೆಂಡತಿ, ಕಣ್ಣು ರಸ್ತೆಯಿಂದ ಕದಲಿಸದೆ. "ಪೆಡಲ್ ಮಾತ್ರ ಇರ್ಲಿ."

"ಯಾಕೆ? ನಿನಗೆ ಇಷ್ಟು ಚೆನ್ನಾಗಿ ಓಡಿಸೋಕೆ ಬರುತ್ತಲ್ಲ!"

"ನನಗೆ ಬರುತ್ತೆ ರೀ. ಮುಂದಿನ ಭಾನುವಾರದಿಂದ ನಿಮಗೆ ಕಲಿಸ್ಬೇಕಲ್ಲ!"